ಔರಾದಿಗೊಂದು ಸ್ಕೀ ಜಾಕೆಟ್

ಬೀದರ್ ಜಿಲ್ಲೆಯಲ್ಲಿ ಹಿಮಕ್ರೀಡೆಯ ಹಂಗಾಮು ಶುರುವಾಗುವುದು ಮೇ ತಿಂಗಳಲ್ಲಿ. ನಗು ಬಂದರೆ ನಿಮಗೆ ನಮ್ಮ ಜಿಲ್ಲೆ ಗೊತ್ತಿಲ್ಲವೆಂದೇ ಅರ್ಥ. ಶಾಲೆಗೆ ರಜೆ ಬಿದ್ದು, ರಸ್ತೆಯ ಡಾಂಬರು ಚಪ್ಪಲಿಗೆ ಹತ್ತಿಕೊಳ್ಳುವ ಹೊತ್ತಿಗೆ ಅನುಕೂಲಸ್ಥರ ಮನೆಗಳಲ್ಲಿ ಕುಲು-ಮನಾಲಿಯ ಮಾತು ಎದ್ದಿರುತ್ತದೆ. ಹೊರಗೆ 42 ಡಿಗ್ರಿ ಬಿಸಿಲು. ಉಸ್ಮಾನ್‌ಗಂಜಿನ ಬಟ್ಟೆ ಅಂಗಡಿಯಲ್ಲಿ ಹುಡುಗನೊಬ್ಬನನ್ನು ಫ್ಯಾನಿನ ಕೆಳಗೆ ನಿಲ್ಲಿಸಿ, ಗಂಟಲ ತನಕ ಜಿಪ್ ಎಳೆದು, ತಲೆಗೆ ಟೊಪ್ಪಿಗೆ ಏರಿಸಿ, "ಥಂಡಿ ಹತ್ಲತ್ತದೇನೋ?" ಎಂದು ಅವರವ್ವ ಕೇಳುತ್ತಾಳೆ. ಬೆವರಿನಲ್ಲಿ ತೊಯ್ದು ತಪ್ಪಡಿಯಾದ ಹುಡುಗ "ಇಲ್ಲಬೇ" ಎನ್ನುತ್ತಾನೆ. ಜಾಕೆಟ್ ಪಾಸಾಯಿತು.

"ಇನ್ನೂ ದಪ್ಪಂದು ಇಲ್ಲೇನ್ರಿ ಸಾವ್ಕಾರ್ರ?"

"ಅವ್ರಿ ಅಕ್ಕೋರ. ಮಾಲೆಲ್ಲಾ ಅಟ್ಟದ ಮ್ಯಾಲ ಅದ. ದೀಪಾವಳಿ ಆದಮ್ಯಾಲ ಇಳಸ್ತೀವಿ."

"ದೀಪಾವಳಿ ತನಕ ಹಿಮ ಕಾಯ್ತದೇನ್ರಿ?"

ಅಂಗಡಿಯವ ಹುಡುಗನೊಬ್ಬನನ್ನು ಅಟ್ಟಕ್ಕೆ ಹತ್ತಿಸುತ್ತಾನೆ. ಮೇ ತಿಂಗಳ ಗಿರಾಕಿಯನ್ನು ಕೈಬಿಡುವಷ್ಟು ದಡ್ಡ ಅವನಲ್ಲ.

ಮಕ್ಕಳ ಹಿಮದ ಉಡುಪಿಗೆ ಒಂದು ಶಾಸ್ತ್ರವಿದೆ. ಗುಲ್ಮಾರ್ಗ್, ಔಲಿಯ ಇಳಿಜಾರಿನಲ್ಲಿ ಮಕ್ಕಳಿಗೆ ಸ್ಕೀ ಕಲಿಸುವವರು ಆ ಶಾಸ್ತ್ರ ಬಿಟ್ಟು ಕದಲುವುದಿಲ್ಲ. ಮೈಗೆ ಮೂರು ಪದರ ಬೇಕು. ಮೈಗಂಟುವ ಮೊದಲ ಪದರ ಬೆವರನ್ನು ಹೊರಗೆ ದಾಟಿಸಬೇಕು. ಅದು ಮೆತ್ತನೆಯ ಉಣ್ಣೆಯದೋ ಸಿಂಥೆಟಿಕ್ಕಿನದೋ ಆಗಿರಬೇಕು. ಹತ್ತಿ ಕೂಡದು, ಅದು ಬೆವರು ಕುಡಿದು ಒದ್ದೆಯಾಗಿಯೇ ಕೂತು ಮೈಯನ್ನು ತಣ್ಣಗೆ ಮಾಡುತ್ತದೆ. ಎರಡನೆಯ ಪದರ ಮೈಯ ಬಿಸಿಯನ್ನು ಹಿಡಿದಿಡಬೇಕು. ಮೂರನೆಯದು ಗಾಳಿ, ನೀರು ಎರಡನ್ನೂ ತಡೆಯಬೇಕು. ಬೆರಳು ಬೆರಳು ಬೇರೆಯಾದ ಕೈಗವಸಿಗಿಂತ ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಕೈಗವಸು ಚಿಕ್ಕ ಮಕ್ಕಳಿಗೆ ಬೆಚ್ಚಗೆ. ಮಫ್ಲರ್ ಜೋತುಬಿಟ್ಟರೆ ಯಾವುದಕ್ಕಾದರೂ ಸಿಕ್ಕಿಕೊಂಡೀತು, ಬೇಡ. ತಲೆಗೆ ಹೆಲ್ಮೆಟ್ ಬೇಕೇ ಬೇಕು. ಈ ಕೊನೆಯ ಮಾತನ್ನು ಕೇಳಿದರೆ ಒಂದೇ ಬೈಕಿನ ಮೇಲೆ ನಾಲ್ವರನ್ನು ಕೂರಿಸಿಕೊಂಡು ಚೌಬಾರಾ ಸುತ್ತುವ ನಮ್ಮ ಅಪ್ಪಂದಿರು ಪ್ರವಾಸವನ್ನೇ ರದ್ದು ಮಾಡಿಯಾರು.

ಜಾಕೆಟ್ಟಿನ ಚೀಟಿಯ ಮೇಲೆ 10,000 ಮಿ.ಮೀ. ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರಕ್ಕೆ ನೀರು ನಿಂತರೂ ಒಳಗೆ ಸೋರದು ಎಂದು ಅದರ ಲೆಕ್ಕ. ಬೀದರಿನ ವರ್ಷದ ಮಳೆ 900 ಮಿ.ಮೀ. ಆಸುಪಾಸಿನದು. ಅಂದಮೇಲೆ ಹನ್ನೊಂದು ವರ್ಷದ ಮಳೆ ಒಮ್ಮೆಗೇ ನೆತ್ತಿಯ ಮೇಲೆ ನಿಂತರೂ ಆ ಹುಡುಗ ತೊಯ್ಯುವುದಿಲ್ಲ. ಮಳೆಗಾಲದಲ್ಲಿ ಸೋರುವ ತರಗತಿಗಳಿಗೆ ಇದೇ ಬಟ್ಟೆಯನ್ನು ಹೊದಿಸಬಾರದೇಕೆ ಎಂದು ಲೋಕೋಪಯೋಗಿಗಳು ಯೋಚಿಸಲಿ.

ಅಳತೆಯ ವಿಷಯದಲ್ಲಿ ಮಾತ್ರ ಶಾಸ್ತ್ರಕ್ಕೂ ನಮಗೂ ಜಗಳ. ದೊಡ್ಡ ಅಳತೆಯ ಜಾಕೆಟ್ ಕೊಳ್ಳಬೇಡಿ, ಸಂದಿಯಲ್ಲಿ ಗಾಳಿಯೂ ಹಿಮವೂ ನುಗ್ಗುತ್ತವೆ ಎನ್ನುತ್ತದೆ ಶಾಸ್ತ್ರ. "ಬೆಳೆಯೋ ಕೂಸು, ಎರಡು ನಂಬರ್ ದೊಡ್ಡಂದೇ ಕೊಡ್ರಿ" ಎನ್ನುತ್ತಾನೆ ಅಪ್ಪ. ವಿದೇಶದ ಕೆಲವು ಕಂಪನಿಗಳು ತೋಳಿನೊಳಗೆ ಮಡಿಕೆ ಬಿಟ್ಟು, ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳುವ ಜಾಕೆಟ್ ತಯಾರಿಸಿ, ಅದನ್ನು ಮಹಾ ಸಂಶೋಧನೆ ಎಂದು ಮಾರುತ್ತಿವೆ. "ಒಳಗ ಬಟ್ಟಿ ಬಿಡು" ಎಂದು ಹೇಳಿಸಿಕೊಳ್ಳದ ಟೇಲರ್ ಭಾಲ್ಕಿಯಲ್ಲಿ ಒಬ್ಬನಾದರೂ ಇದ್ದಾನೆಯೇ? ಪೇಟೆಂಟ್ ಮಾಡಿಸುವುದು ಮಾತ್ರ ನಮಗೆ ಹೊಳೆಯಲಿಲ್ಲ.

ಇಷ್ಟೆಲ್ಲ ಕೊಂಡು, ರೈಲು ಹತ್ತಿ, ಬಸ್ಸು ಬದಲಿಸಿ ಮನಾಲಿ ಮುಟ್ಟಿದರೆ, ಸೋಲಾಂಗ್ ದಾರಿಯುದ್ದಕ್ಕೂ ನಂಬರ್ ಬರೆದ ಅಂಗಡಿಗಳು. ಅಲ್ಲಿ ಮೇಲಂಗಿಯೂ ಬೂಟೂ ಬಾಡಿಗೆಗೆ ಸಿಗುತ್ತವೆ. ಚಾಲಕ ತನ್ನ ಗುರುತಿನ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸುತ್ತಾನೆ. ಉಸ್ಮಾನ್‌ಗಂಜಿನ ಜಾಕೆಟ್ಟಿನ ಮೇಲೆ ಬಾಡಿಗೆಯ ಮೇಲಂಗಿ ಏರುತ್ತದೆ. ಹುಡುಗನಿಗೆ ಕೈ ಮಡಚಲೂ ಬಾರದು. ಎರಡು ತಾಸು ಹಿಮದಲ್ಲಿ ಹೊರಳಾಡಿಸಿ, ಮೊಬೈಲಿನ ಬ್ಯಾಟರಿ ಮುಗಿಯುವ ತನಕ ರೀಲು ಮಾಡಿ, ಮೂಗು ಸೋರಿಸಿಕೊಂಡು ಇಳಿದು ಬರುತ್ತಾರೆ. ಜಾಕೆಟ್ ಮರಳಿ ಅಟ್ಟ ಸೇರುತ್ತದೆ. ಮುಂದಿನ ವರ್ಷಕ್ಕೆ ತೋಳು ಗಿಡ್ಡ.

ಮನಾಲಿ ದೂರವಾದವರಿಗೆ ಹೈದರಾಬಾದ್ ಇದೆ. ಬೀದರಿನಿಂದ ಸುಮಾರು 145 ಕಿ.ಮೀ. ದೂರದ ಆ ಊರಿನಲ್ಲಿ 2004ರಿಂದ ಸ್ನೋ ವರ್ಲ್ಡ್ ಎಂಬ ಹಿಮದ ಕೋಣೆ ಇದೆ. ಒಳಗೆ ಮೈನಸ್ 5 ಡಿಗ್ರಿ. ಜಾಕೆಟ್ಟು, ಬೂಟು ಅವರೇ ಕೊಡುತ್ತಾರೆ. ಹೊರಗೆ ಬಂದು ಬಿರಿಯಾನಿ ತಿಂದರೆ ಕಾಶ್ಮೀರ ಪ್ರವಾಸ ಸಂಪನ್ನ.

ಹಿಮದ ಮೇಲೆ ನಿಜವಾಗಿ ಜಾರಿ ಗೆದ್ದ ಕನ್ನಡತಿಯೂ ಇದ್ದಾಳೆ. ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವಳು. 2025ರಲ್ಲಿ ದೂರದ ಚಿಲಿಯ ಹಿಮದಲ್ಲಿ ಕಂಚು ಗೆದ್ದವಳು. ಹಿಮವೇ ಬೀಳದ ರಾಜ್ಯದ ಹುಡುಗಿ ಸ್ಕೀ ಕಟ್ಟಿಕೊಂಡು ಗೆಲ್ಲಬಹುದಾದರೆ, ಹಿಮದ ಜಾಕೆಟ್ ಕೊಳ್ಳುವ ಬೀದರಿನವರನ್ನು ಹಂಗಿಸುವುದು ಸಲ್ಲದು. ಹಣ ಅವರದು, ಮಗು ಅವರದು, ಬೆವರೂ ಅವರದೇ. ನನ್ನ ತಕರಾರು ಇರುವುದು ಅಟ್ಟದಿಂದ ಮಾಲು ಇಳಿಯುವ ಇನ್ನೊಂದು ಹಂಗಾಮಿನ ಬಗ್ಗೆ.

ದೀಪಾವಳಿ ಮುಗಿದು ತೊಗರಿ ಹೂ ಕಟ್ಟುವಾಗ ಜಿಲ್ಲೆಯ ಮೇಲೆ ಥಂಡಿ ಇಳಿಯುತ್ತದೆ. ರಾಜ್ಯದ ಉತ್ತರದ ತುದಿ, 600 ಮೀಟರಿಗೂ ಎತ್ತರದ ಬಯಲು, ತಡೆಯುವ ಗುಡ್ಡವಿಲ್ಲ, ದಟ್ಟ ಕಾಡಿಲ್ಲ. ಉತ್ತರದ ಗಾಳಿ ಬೀಸಿತೆಂದರೆ ಕರ್ನಾಟಕದಲ್ಲಿ ಮೊದಲು ಬಾಗಿಲು ಬಡಿಯುವುದು ಔರಾದಿನಲ್ಲಿ. ಪಾದರಸ ಒಂದಂಕಿಗೆ ಇಳಿದ ದಿನ ಟಿವಿಯವರು ಬಂದು ಬೆಂಕಿ ಕಾಯಿಸಿಕೊಳ್ಳುವ ಮುದುಕರನ್ನು ತೋರಿಸಿ, "ಗಡಗಡ ನಡುಗಿದ ಬೀದರ್" ಎಂದು ಅಕ್ಷರ ನಡುಗಿಸಿ ಹೋಗುತ್ತಾರೆ.

ಅಂಥ ದಿನಗಳ ಶನಿವಾರ ಮುಂಜಾನೆಯ ಶಾಲೆಗೆ ಔರಾದ್ ತಾಲ್ಲೂಕಿನ ತಾಂಡಾದಿಂದ ಹೊರಟ ಹುಡುಗನ ಉಡುಪನ್ನು ಶಾಸ್ತ್ರಕ್ಕೆ ಹಚ್ಚಿ ನೋಡೋಣ. ಮೊದಲ ಪದರ: ಸರ್ಕಾರದ ಅರ್ಧ ತೋಳಿನ ಅಂಗಿ. ಎರಡನೆಯ ಪದರ: ಅಣ್ಣನಿಗೆ ಗಿಡ್ಡವಾದ ಅಂಗಿ, ಗುಂಡಿ ಎರಡು ಇಲ್ಲ. ಮೂರನೆಯ ಪದರ: ಬಿಸಿಲು, ಒಂಬತ್ತು ಗಂಟೆಯ ಮೇಲೆ ಲಭ್ಯ. ಕೆಳಗೆ ಚಡ್ಡಿ. ಕೈಗವಸಿನ ಬದಲು ಎರಡೂ ಕಂಕುಳು. ನಾಲ್ಕೂ ಬೆರಳು ಒಟ್ಟಿಗಿದ್ದರೆ ಬೆಚ್ಚಗೆ ಎಂಬ ಶಾಸ್ತ್ರವನ್ನು ಈ ಹುಡುಗ ಓದದೆಯೇ ಪಾಲಿಸುತ್ತಿದ್ದಾನೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುವುದೇನೆಂದು ವಿದ್ಯಾವಿಕಾಸ ಯೋಜನೆಯ ಪಟ್ಟಿ ತೆಗೆದು ನೋಡಿ. ಪಠ್ಯಪುಸ್ತಕ ಇದೆ. ಎರಡು ಜತೆ ಸಮವಸ್ತ್ರ ಇದೆ. ಅದೂ ಎರಡನೆಯ ಜತೆಗಾಗಿ ಕೊಪ್ಪಳ ಜಿಲ್ಲೆಯ ಬಾಲಕನೊಬ್ಬ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಒಂದು ಜತೆ ಶೂ, ಎರಡು ಜತೆ ಸಾಕ್ಸ್ ಇವೆ. ಈ ಶೂ, ಸಾಕ್ಸಿಗೆ ಐದನೆಯ ತರಗತಿಯ ತನಕದ ಮಗುವಿಗೆ ಸರ್ಕಾರ ಕಟ್ಟಿಕೊಂಡು ಬಂದ ದರ 265 ರೂಪಾಯಿ. ಸ್ವೆಟರ್ ಇಲ್ಲ. ಕಾರವಾರದ ಸೆಕೆಗೂ ಔರಾದಿನ ಥಂಡಿಗೂ ಒಂದೇ ಬಟ್ಟೆ. ಅಖಂಡ ಕರ್ನಾಟಕ ಎಂದರೆ ಇದೇ ಇರಬೇಕು.

ಕೇಳಿದರೆ ಕಡತ ಸರಾಸರಿಯ ಮಾತಾಡುತ್ತದೆ. ಬೀದರಿನ ಡಿಸೆಂಬರ್ ತಿಂಗಳ ಸರಾಸರಿ ಕನಿಷ್ಠ ಉಷ್ಣಾಂಶ 16.4 ಡಿಗ್ರಿ, ಹೆಚ್ಚುಕಡಿಮೆ ಬೆಂಗಳೂರಿನದೂ ಅಷ್ಟೇ. ಮತ್ತೇಕೆ ಸ್ವೆಟರ್? ಜಿಲ್ಲೆಯ ಅದೇ ದಾಖಲೆಯಲ್ಲಿ 1901ರ ಜನವರಿ 5ರಂದು ಬೀದರಿನಲ್ಲಿ 2.9 ಡಿಗ್ರಿ ಇತ್ತೆಂದೂ ಬರೆದಿದೆ. ಆ ಸಾಲಿನ ತನಕ ಓದುವ ತಾಳ್ಮೆ ಯಾರಿಗೂ ಇದ್ದ ಹಾಗಿಲ್ಲ. ಮಕ್ಕಳು ಸರಾಸರಿಯಲ್ಲಿ ನಡುಗಲು ಇನ್ನೂ ಕಲಿತಿಲ್ಲ. ಹದಿನೈದನೆಯ ಶತಮಾನದಲ್ಲಿ ರಷ್ಯದ ಟ್ವೆರ್ ಊರಿನಿಂದ ಹೊರಟು ಬೀದರಿಗೆ ಬಂದ ವ್ಯಾಪಾರಿ ಅಫನಾಸಿ ನಿಕಿಟಿನ್ ದಖ್ಖನಿನ ಮಳೆಗಾಲವನ್ನೇ ಚಳಿಗಾಲವೆಂದು ಬರೆದುಕೊಂಡಿದ್ದ. ಹಿಮದ ನಾಡಿನವನಿಗೆ ನಮ್ಮ ಕಾಲಮಾನ ತಿಳಿಯಲಿಲ್ಲ, ಕ್ಷಮಿಸೋಣ. ವಿಧಾನಸೌಧದವರು ಯಾವ ಹಿಮದ ನಾಡಿನಿಂದ ಬಂದವರು?

ಹವಾಮಾನ ನೋಡಿ ಆದೇಶ ಹೊರಡಿಸುವುದು ಸರ್ಕಾರಕ್ಕೆ ಬರುವುದಿಲ್ಲ ಎಂದೇನಲ್ಲ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ. ಬಿಸಿಲು ಸಾಹೇಬರ ನೆತ್ತಿ ಸುಡುತ್ತದೆಂದು ಗೊತ್ತಿರುವ ಸರ್ಕಾರಕ್ಕೆ, ಥಂಡಿ ಹುಡುಗನ ಮೊಣಕಾಲು ಕೊರೆಯುತ್ತದೆಂದು ಗೊತ್ತಿಲ್ಲ. ಮೊಣಕಾಲಿಗೆ ಸಂಘವಿಲ್ಲ, ಅದು ಮನವಿ ಪತ್ರ ಬರೆಯುವುದಿಲ್ಲ.

ಖಾಸಗಿ ಶಾಲೆಗಳಲ್ಲಿ ಸ್ವೆಟರ್ ಇದೆ, ಅದರ ಕಥೆಯೇ ಬೇರೆ. ತೋಳಿಲ್ಲದ, ಗಾಳಿ ದಾಟುವ ನೂಲಿನ, ಎದೆಯ ಮೇಲೆ ಶಾಲೆಯ ಗುರುತು ಹೊತ್ತ ಸ್ವೆಟರ್. ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು. ರಸ್ತೆ ಬದಿಯಲ್ಲಿ ಲುಧಿಯಾನದ ದಪ್ಪ ಸ್ವೆಟರ್ ಅರ್ಧ ಬೆಲೆಗೆ ಸಿಕ್ಕರೂ ಅದನ್ನು ತೊಟ್ಟು ಬಂದ ಮಗುವನ್ನು ಪ್ರಾರ್ಥನೆಯ ಸಾಲಿನಲ್ಲೇ ನಿಲ್ಲಿಸಿ ಕಳಚಿಸುತ್ತಾರೆ: "ಬಣ್ಣ ಬ್ಯಾರೆ ಅದ." ಒತ್ತಾಯ ಮಾಡಬಾರದೆಂದು ಇಲಾಖೆ ಸುತ್ತೋಲೆ ಹೊರಡಿಸುತ್ತದೆ, ಸುತ್ತೋಲೆ ಹೆಸರಿಗೆ ತಕ್ಕಂತೆ ಸುತ್ತುತ್ತಲೇ ಇದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈಗಿನವರು ಹೊರಗೆ ಇಂಟರ್‌ನ್ಯಾಷನಲ್ ಫಲಕ ಹಾಕಿ ಒಳಗೆ ಸ್ವೆಟರ್ ಮಾರುತ್ತಿದ್ದಾರೆ. ಫಲಕದ ವಿದ್ಯೆ ಉಳಿಯಿತು, ಉದ್ದೇಶ ಜಾರಿತು.

ಉಣ್ಣೆ ಇಲ್ಲದ ನಾಡೇ ಇದು? ದಖನಿ ಕುರಿ ಈ ಬಯಲಿನದೇ. ಕುರುಬರ ಕರಿ ಕಂಬಳಿ ಹೊದ್ದು ತೊಗರಿ ಹೊಲ ಕಾದವರ ಮೊಮ್ಮಕ್ಕಳೇ ಇಂದು ಆಸ್ಟ್ರೇಲಿಯಾದ ಮೆರಿನೊ ಕುರಿಯ ಗುಣಗಾನ ಮಾಡುತ್ತಿರುವುದು. ಕಂಬಳಿ ಮೈಗೆ ಚುಚ್ಚುತ್ತದೆ, ನಿಜ. ಅದನ್ನು ಮೆತ್ತಗೆ ಮಾಡುವ ದಾರಿ ಹುಡುಕುವ ಬದಲು ಕುರಿಯನ್ನು ಮಟನ್ನಿನ ಲೆಕ್ಕಕ್ಕೆ ಬರೆದು, ಉಣ್ಣೆಯನ್ನು ಬಿಸಾಡುವ ಮಾಲು ಮಾಡಿದೆವು. ಹಣೆ, ಕಿವಿ, ಕುತ್ತಿಗೆ, ಬೆನ್ನು ಒಮ್ಮೆಗೇ ಮುಚ್ಚುವ ಕುಂಚಿಗಿಯನ್ನು ನಮ್ಮ ಅಜ್ಜಿಯರು ಹಳೇ ಸೀರೆಯಲ್ಲೇ ಹೊಲಿದರು. ಈಗ ಅಂಥದೇ ಒಂದನ್ನು ಸ್ಕೀ ಮಾಡುವವರ ಟೊಪ್ಪಿಗೆ ಎಂದು ದುಡ್ಡು ಕೊಟ್ಟು ತರಿಸುತ್ತೇವೆ.

ಇನ್ನು ಭಾಲ್ಕಿಯ ಕಡೆ ಸೀಜನ್ ಎಂದರೆ ಕಬ್ಬಿನ ಸೀಜನ್. ಕಾರ್ಖಾನೆಯ ಚಿಮಣಿ ಹೊಗೆಯಾಡುತ್ತಲೇ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದಂಚಿನಲ್ಲಿ ಗುಡಿಸಲು ಹಾಕುತ್ತವೆ. ಕೂಸುಗಳೂ ಜತೆಗೇ. ನಸುಕಿನಲ್ಲಿ ಅಪ್ಪ, ಅವ್ವ ಕೊಯ್ತಾ ಹಿಡಿದು ಇಬ್ಬನಿಯ ಕಬ್ಬಿಗೆ ಇಳಿದರೆ, ಮಕ್ಕಳು ರವದಿಯ ರಾಶಿಯಲ್ಲಿ ಹುದುಗಿ ಕೂರುತ್ತವೆ. ಹೊರಗಿನ ಪದರ ರವದಿ, ಒಳಗಿನ ಪದರ ತಮ್ಮ. ಈ ಮಕ್ಕಳು ಯಾವ ಶಾಲೆಯ ಹಾಜರಿಯಲ್ಲೂ ಸರಿಯಾಗಿ ಇಲ್ಲದ್ದರಿಂದ, ವಿದ್ಯಾವಿಕಾಸದ ಪಟ್ಟಿಗೆ ನಾಳೆ ಸ್ವೆಟರ್ ಸೇರಿದರೂ ಇವರಿಗೆ ಬರುವುದಿಲ್ಲ.

ಉತ್ತರ ಪ್ರದೇಶದಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಪಟ್ಟಿಯಲ್ಲಿ ಸ್ವೆಟರ್ ಇದೆ. 2017-18ರ ಚಳಿಗೆ ಅಲ್ಲಿ ಹಂಚಲು ಹೊರಟಾಗ ಜನವರಿ ಬಂದರೂ ಎಷ್ಟೋ ಮಕ್ಕಳಿಗೆ ಮುಟ್ಟಿರಲಿಲ್ಲ. ಈಗ ದುಡ್ಡನ್ನೇ ತಂದೆ-ತಾಯಿಯ ಖಾತೆಗೆ ಹಾಕುತ್ತಾರೆ. ನಾವು ಅವರ ತಪ್ಪಿನಿಂದಲಾದರೂ ಕಲಿಯಬಹುದು. ನಮಗೆ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಬಜೆಟ್ಟಿನಿಂದ ಬಜೆಟ್ಟಿಗೆ 5,000 ಕೋಟಿ ರೂಪಾಯಿಯ ಘೋಷಣೆ ಇದೆ. ಆ ಕೋಟಿಗಳಲ್ಲಿ ಸಮುದಾಯ ಭವನ ಏಳುತ್ತದೆ, ಸ್ವಾಗತ ಕಮಾನು ಏಳುತ್ತದೆ. ಕಮಾನಿಗೆ ಥಂಡಿ ಹತ್ತುವುದಿಲ್ಲ ಎಂಬುದನ್ನು ಯಾರಾದರೂ ಸಭೆಯ ನಡಾವಳಿಯಲ್ಲಿ ಬರೆಸಬೇಕು.

ಬೀದರ್, ಭಾಲ್ಕಿ, ಔರಾದಿನ ಶಾಸಕರೇ, ಮಂಡಳಿಯ ಸಾಹೇಬರೇ: ಸರ್ಕಾರಿ ಶಾಲೆಯ, ಅಂಗನವಾಡಿಯ, ಕಬ್ಬಿನ ಗುಡಿಸಲಿನ ಪ್ರತಿ ಮಗುವಿಗೂ ತುಂಬು ತೋಳಿನ ಒಂದು ಸ್ವೆಟರ್, ಕಿವಿ ಮುಚ್ಚುವ ಒಂದು ಟೊಪ್ಪಿಗೆ, ಹುಡುಗರಿಗೆ ಚಡ್ಡಿಯ ಬದಲು ಪ್ಯಾಂಟು. ಇಷ್ಟೇ ಬೇಡಿಕೆ. 10,000 ಮಿ.ಮೀ. ಬಟ್ಟೆ ಯಾರೂ ಕೇಳುತ್ತಿಲ್ಲ. ಆದೇಶಕ್ಕೆ ಜೂನಿನಲ್ಲಿ ಸಹಿ ಬಿದ್ದರೆ ನವೆಂಬರಿಗೆ ಸ್ವೆಟರ್ ಮಗುವಿನ ಮೈ ಮೇಲಿರುತ್ತದೆ. ನವೆಂಬರಿನಲ್ಲಿ ಬಿದ್ದರೆ ಅದು ಶಾಲೆ ಮುಟ್ಟುವುದು ಮಾರ್ಚಿನಲ್ಲಿ, ನಿಮ್ಮ ಕಚೇರಿಗೆ ಬೇಸಿಗೆಯ ವೇಳಾಪಟ್ಟಿ ಬರುವ ಹೊತ್ತಿಗೆ.