ಬೀರು ಮೇಷ್ಟ್ರು

ಹಳೇ ಮೈಸೂರು ಸೀಮೆಯ ಯಾವ ಸರ್ಕಾರಿ ಹೈಸ್ಕೂಲಿಗಾದರೂ ಹೋಗಿ, ಇವರು ಸಿಕ್ಕೇ ಸಿಗುತ್ತಾರೆ. ಹುದ್ದೆಯಿಂದ ಕನ್ನಡ ಮೇಷ್ಟ್ರು, ಹಣೆಬರಹದಿಂದ ಗ್ರಂಥಾಲಯದ ಉಸ್ತುವಾರಿ. ಗ್ರಂಥಾಲಯ ಅಂದರೆ ಹೆಡ್‌ಮಾಸ್ಟರ ಕೋಣೆಯಲ್ಲಿ ಬಿಸಿಯೂಟದ ಎಣ್ಣೆ ಡಬ್ಬಕ್ಕೂ ಬಾವುಟದ ಕೋಲಿಗೂ ನಡುವೆ ನಿಂತಿರುವ ಒಂದು ಕಬ್ಬಿಣದ ಬೀರು. ಅದರ ಬೀಗದ ಕೈ ಮೇಷ್ಟ್ರ ಉಡಿದಾರದಲ್ಲಿದೆ ಎಂದು ಹುಡುಗರು ನಂಬಿದ್ದಾರೆ. ನಿಜವಾಗಿ ಅದಿರುವುದು ಪ್ಯಾಂಟಿನ ಒಳಜೇಬಿನಲ್ಲಿ, ಎಲೆಅಡಿಕೆ ಸಂಚಿಯ ಜೊತೆ. ಬೇಸಿಗೆ ರಜದಲ್ಲಿ ಮೇಷ್ಟ್ರು ತಿರುಪತಿಗೆ ಹೋದರೆ ಬೀಗದ ಕೈಯೂ ಹೋಗಿ ದರ್ಶನ ಮಾಡಿಕೊಂಡು ಬರುತ್ತದೆ.

ಇವರಿಗೆ ಪುಸ್ತಕ ಅಂದರೆ ಆಗದು ಎಂದುಕೊಳ್ಳಬೇಡಿ. ಮಕ್ಕಳು ಓದಬೇಕು ಅನ್ನುವ ಸಂಕಟ ಇವರಿಗಿರುವಷ್ಟು ತಾಲ್ಲೂಕಿನಲ್ಲಿ ಇನ್ನೊಬ್ಬರಿಗಿಲ್ಲ. ಮೊಬೈಲ್ ಹಿಡಿದ ಹುಡುಗ ಕಣ್ಣಿಗೆ ಬಿದ್ದರೆ ಸಾಕು, "ಅದರ ಬದ್ಲು ಒಂದು ಕತೆ ಪುಸ್ತಕ ಓದಬಾರ್ದೇನೋ, ನಿನ್ ಮನೆ ಹಾಳಾಗ!" ಎಂದು ಶುರು. ಹುಡುಗ ಸುಮ್ಮನಿರದೆ "ಕೊಡಿ ಸಾ, ಓದ್ತೀನಿ" ಅಂದನೋ, ಮೇಷ್ಟ್ರ ದನಿ ಇಳಿಯುತ್ತದೆ. "ಈಗ ಸ್ಟಾಕ್ ನೋಡ್ತಿದೀನಿ ಕಣೋ. ದಸರಾ ಆದ್ಮೇಲೆ ಬಾ."

ಇದರಲ್ಲಿ ಅರ್ಧ ತಪ್ಪು ಇವರದಲ್ಲ ಅಂತಲೇ ನನ್ನ ಲೆಕ್ಕ. ಹಿಂದಿನವರಿಂದ ಚಾರ್ಜ್ ತಗೊಂಡ ದಿನ ದಾಸ್ತಾನು ವಹಿಯ ಕೆಳಗೆ ಸಹಿ ಹಾಕಿದ್ದಾರೆ. ಇಷ್ಟು ಪುಸ್ತಕ, ಇಷ್ಟು ರೂಪಾಯಿ, ಎಲ್ಲವೂ ಸುಸ್ಥಿತಿಯಲ್ಲಿವೆ. ನಾಳೆ ಆಡಿಟ್‌ನವರು ಬಂದು ಒಂದು ಕಮ್ಮಿ ಇದೆ ಅಂದರೆ ಕೈಯಿಂದ ಕಟ್ಟಬೇಕಲ್ಲ ಎಂಬ ಭಯ ಅವತ್ತೇ ಹೊಟ್ಟೆಗೆ ಹೊಕ್ಕಿತು. ಓದಿದ ಪುಸ್ತಕ ಹರಿಯುತ್ತದೆ, ಓದದ ಪುಸ್ತಕ ಆಡಿಟ್‌ಗೆ ಸಿಗುತ್ತದೆ. ಸಂಬಳದ ಮೇಲೆ ಸಂಸಾರ ನಡೆಸುವ ಮನುಷ್ಯ ಏನು ಮಾಡಿಯಾನು? ಬೀರುವಿನ ಮೇಲಿನ ಗೋಡೆಗೆ ಎಸ್. ಆರ್. ರಂಗನಾಥನ್ ಅವರ ಫೋಟೋ ಇದೆ. ಕಡೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದ, 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದುಕೊಟ್ಟ ಮಹಾನುಭಾವರು. ಪುಸ್ತಕ ಇರುವುದು ಬಳಸುವುದಕ್ಕೇ ಎಂಬುದು ಅವರ ಮೊದಲನೇ ಸೂತ್ರ. ಮೇಷ್ಟ್ರು ದಿನಾ ಆ ಫೋಟೋಗೆ ಕೈಮುಗಿದು, ಬೀಗ ಒಂದು ಸಲ ಜಗ್ಗಿ ನೋಡಿ, ಕ್ಲಾಸಿಗೆ ಹೋಗುತ್ತಾರೆ.

ಹಾಗಂತ ಪುಸ್ತಕ ಕೊಡುವುದೇ ಇಲ್ಲ ಅನ್ನುವಂತಿಲ್ಲ. ಶನಿವಾರ ಕೊನೇ ಪಿರಿಯಡ್ ಕೊಡುತ್ತಾರೆ. ಕೈ ತೊಳೆದು ಬರಬೇಕು, ಖಾಕಿ ಬೈಂಡ್ ಹಾಕಬೇಕು, ಅಪ್ಪನ ಸಹಿ ಬೇಕು, ಹಾಳೆ ಮಡಚಿದರೆ ದಂಡ. ಇಷ್ಟನ್ನೂ ದಾಟಿ ಬಂದವನಿಗೆ ಬೇಕಾದ್ದು ಸಿಗುತ್ತದೆ ಎಂದೇನಿಲ್ಲ. ಕೈಗೆಟುಕುವ ಎರಡು ಅರೆಗಳಲ್ಲಿ ಇರುವುದು ನಿವೃತ್ತರು ದಾನ ಕೊಟ್ಟ ಆತ್ಮಕಥೆಗಳು, ಯಾರದೋ ಅಭಿನಂದನ ಗ್ರಂಥದ ಏಳು ಪ್ರತಿ, 'ಸಕ್ಕರೆ ಕಾಯಿಲೆಯವರ ಆಹಾರ'ದಂಥವು. ಹದಿನಾಲ್ಕು ವರ್ಷದ ಹುಡುಗ ಸಕ್ಕರೆ ಕಾಯಿಲೆಯ ಪುಸ್ತಕ ಹಿಡಿದು ಮನೆಗೆ ಹೋದರೆ ಅವನ ಅಜ್ಜನಾದರೂ ಓದಿಯಾನು. ತೇಜಸ್ವಿ, ಕಾರಂತ, ವೈದೇಹಿ ಎಲ್ಲ ಮೇಲಿನ ಅರೆಯಲ್ಲಿ, ಹೊಸ ವಾಸನೆಯ ಸಮೇತ ಕ್ಷೇಮ.

ಒಂದು ಸಲ ಒಬ್ಬ ಹುಡುಗ ಹಟ ಹಿಡಿದು ತೇಜಸ್ವಿಯ 'ಕರ್ವಾಲೊ' ಗಿಟ್ಟಿಸಿದ. 1980ರ ಕಾದಂಬರಿ, ಇವನು ಎರಡೇ ದಿನಕ್ಕೆ ಮುಗಿಸಿ ತಂದ. ಅಷ್ಟು ಬೇಗ ತಂದದ್ದೇ ಅನುಮಾನಕ್ಕೆ ಕಾರಣವಾಯಿತು.

"ಲೇಖಕರ ಕಾಲ, ಸ್ಥಳ, ಕೃತಿ, ಪ್ರಶಸ್ತಿ ಹೇಳು."

"ಅದು ಗೊತ್ತಿಲ್ಲ ಸಾ. ಬಿರಿಯಾನಿ ಕರಿಯಪ್ಪ ಮಾತ್ರ ಸಖತ್ತಾಗವ್ನೆ ಸಾ. ಮಂದಣ್ಣನೂ."

"ಅವರೆಲ್ಲ ಆಮೇಲೆ. ಸಾರಾಂಶ ಹೇಳು."

"ಹಾರೋ ಓತಿಕ್ಯಾತ ಹುಡುಕ್ಕೊಂಡು ಕಾಡಿಗೆ ಹೋಯ್ತಾರೆ ಸಾ."

"ಸರಿ. ಇದರಿಂದ ತಿಳಿಯುವ ನೀತಿ?"

ಹುಡುಗ ತಲೆ ಕೆರೆದುಕೊಂಡ, ಕಿಟಕಿ ಕಡೆ ನೋಡಿದ. "ಅದು ಹಾರೋಯ್ತು ಸಾ. ಸಿಗಲಿಲ್ಲ."

ಮೇಷ್ಟ್ರು ವಹಿಯಲ್ಲಿ 'ಓದಿರುವುದಿಲ್ಲ' ಎಂದು ಷರಾ ಬರೆದರು. ಈ ಕಾದಂಬರಿಯ ಬಗ್ಗೆ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಆ ಹುಡುಗನಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನಂತೂ ಓದಿಲ್ಲ.

ಇದೇ ಮೇಷ್ಟ್ರನ್ನು ಸ್ಟಾಫ್ ರೂಮಿನಲ್ಲಿ ಟೀ ಹೊತ್ತಿಗೆ ಮಾತಿಗೆಳೆಯಬೇಕು. ಇವರಿಗೆ ಓದಿನ ರುಚಿ ಹತ್ತಿಸಿದ್ದು ಪಂಪನೂ ಅಲ್ಲ, ಕುಮಾರವ್ಯಾಸನೂ ಅಲ್ಲ, ಪತ್ತೇದಾರ ಪುರುಷೋತ್ತಮ. ಅವನನ್ನು ಸೃಷ್ಟಿಸಿದ, ಶಾಲೆಯಲ್ಲಿ ನಾಲ್ಕನೇ ತರಗತಿಯ ಆಚೆಗೆ ಹೋಗದ ಎನ್. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದು, ಬಿ.ಎ., ಎಂ.ಎ. ಮಾಡಿದವರನ್ನೆಲ್ಲ ಓದಿಸಿಬಿಟ್ಟರು. ಬಾಡಿಗೆ ಪುಸ್ತಕದಂಗಡಿಯಿಂದ ನಾಲ್ಕಾಣೆಗೆ ತಂದು, ಭೂಗೋಳದ ಪುಸ್ತಕದೊಳಗಿಟ್ಟು, ಆಗಿನ ಮೇಷ್ಟ್ರು ಭೂಮಧ್ಯರೇಖೆ ಎಳೆಯುವಷ್ಟರಲ್ಲಿ ಇವರು ಎರಡು ಕೊಲೆ ಮುಗಿಸುತ್ತಿದ್ದರಂತೆ. ಹೇಳುವಾಗ ಮುಖದಲ್ಲಿ ಆ ವಯಸ್ಸಿನ ಕಳ್ಳನಗು. ಅಷ್ಟರಲ್ಲಿ ಬೆಲ್ಲು. ಕ್ಲಾಸಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಸಮಾಜ ಪುಸ್ತಕದೊಳಗೆ ಏನೋ ಇಟ್ಟುಕೊಂಡವನ ಕಿವಿ ಹಿಂಡುತ್ತಾರೆ. "ಪರೀಕ್ಷೆ ಹತ್ತಿರ ಬಂತು, 625ಕ್ಕೆ ಎಷ್ಟು ತೆಗೀತೀಯೋ?"

ಇನ್ನು ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಬೀರು ಆಗ ಬಾಗಿಲು ಪೂರ್ತಿ ತೆರೆದು ನಿಲ್ಲುತ್ತದೆ. ಮೇಜಿನ ಮೇಲೆ ಹೊಸ ಟವಲು, ಅದರ ಮೇಲೆ ಪುಸ್ತಕ, ಮುಂದೆ ರಂಗೋಲಿ, ಕುವೆಂಪು ಫೋಟೋಗೆ ಚೆಂಡುಹೂವಿನ ಹಾರ. ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ 'ದೇಶ ಸುತ್ತು, ಕೋಶ ಓದು' ಎಂದು ಮುಕ್ಕಾಲು ಗಂಟೆ ಭಾಷಣ. ಆಮೇಲೆ ವಾಟ್ಸ್ಯಾಪಿಗೆ ಫೋಟೋ. ಫೋಟೋಗಾಗಿ ಒಬ್ಬೊಬ್ಬರ ಕೈಗೆ ಒಂದೊಂದು ಪುಸ್ತಕ. ಮೇಲಿನ ಅರೆಯವು ಕೂಡ.

ಹೋದ ಸಪ್ತಾಹದಲ್ಲಿ ಒಂಬತ್ತನೇ ಬಿ ಸೆಕ್ಷನ್ನಿನ ಹುಡುಗಿಯೊಬ್ಬಳ ಕೈಗೆ 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಬಂತು. ಕೆನೆತ್ ಆಂಡರ್ಸನ್ನನ ಶಿಕಾರಿ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ಮಾಲೆಯದು. ಅವಳು ಸುಮ್ಮನೆ ತೆರೆದಳು, ಕಣ್ಣು ಹಾಯಿಸಿದಳು, ಅಲ್ಲಿಗೆ ಮುಗಿಯಿತು. ಫೋಟೋ ಕ್ಲಿಕ್ಕಿಸಿದಾಗ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು, ಇವಳೊಬ್ಬಳು ಪುಸ್ತಕ. ಮೇಷ್ಟ್ರು ರೇಗಿದರು: "ಏಯ್, ಓದಬೇಡಮ್ಮ, ತಲೆ ಎತ್ತು! ಎಲ್ಲರ ಫೋಟೋ ಕೆಡಿಸ್ತೀಯಲ್ಲ!" ಮತ್ತೆ ತೆಗೆದರು. ಅದರಲ್ಲೂ ಅವಳದು ಬೈತಲೆ ಮಾತ್ರ. ಕೊನೆಗೆ ಹಿಂದಿನ ಸಾಲಿಗೆ ತಳ್ಳಿ ಫೋಟೋ ಮುಗಿಸಿದರು. ಹಿಂದಿನ ಸಾಲಿನಿಂದ ಪುಸ್ತಕ ವಾಪಸ್ ಬಂತೋ ಇಲ್ಲವೋ ಆ ಗದ್ದಲದಲ್ಲಿ ಯಾರೂ ನೋಡಲಿಲ್ಲ.

ಗೊತ್ತಾದದ್ದು ಮಾರ್ಚಿನಲ್ಲಿ, ದಾಸ್ತಾನು ಎಣಿಸುವಾಗ. ಒಂದು ಕಮ್ಮಿ. ಮೇಷ್ಟ್ರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಒಂಬತ್ತನೇ ಬಿ ಸೆಕ್ಷನ್ನಿಗೆ ನುಗ್ಗಿ ಬ್ಯಾಗು ತಪಾಸಣೆ ಮಾಡಿದರು. ಪುಸ್ತಕ ಸಿಕ್ಕಿತು. ರಟ್ಟು ಇರಲಿಲ್ಲ. ನಲವತ್ತನೇ ಪುಟಕ್ಕೆ ಸಾಂಬಾರು. ಚಿರತೆ ಬರುವ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ 'ಅಯ್ಯಯ್ಯೋ' ಎಂದು ಬೇರೆ ಬೇರೆ ಅಕ್ಷರ. ಒಳಪುಟದಲ್ಲಿ ಮುಂದೆ ಯಾರ ಪಾಳಿ ಎಂಬ ಪಟ್ಟಿ. ಇಡೀ ಹಾಜರಿ ಪುಸ್ತಕವೇ ಅಲ್ಲಿತ್ತು, ಹೆಸರಿನ ಎದುರು ಗೀಟು ಹೊಡೆಯುತ್ತ ಬಂದಿದ್ದರು. ಇನ್ನೂ ನಾಲ್ಕು ಹೆಸರು ಬಾಕಿ.

ಮೇಷ್ಟ್ರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಬೈಯಲಿಲ್ಲ. ಪುಸ್ತಕವನ್ನು ಅದೇ ಬೆಂಚಿನ ಮೇಲಿಟ್ಟು ಹೊರಬಂದು, ವಹಿ ತೆಗೆದು, ಆ ಪುಸ್ತಕದ ಎದುರಿಗೆ 'ಗೆದ್ದಲು ತಿಂದಿದೆ' ಎಂದು ದುಂಡಗೆ ಬರೆದು ಸಹಿಗೆ ಒಯ್ದರು.

ಹೆಡ್‌ಮಾಸ್ಟರು ಕನ್ನಡಕ ಏರಿಸಿದರು. "ಕಬ್ಬಿಣದ ಬೀರು ಅಲ್ವೇನ್ರೀ ಅದು? ಎಂಥ ಗೆದ್ದಲ್ರೀ?"

"ಒಂಬತ್ತನೇ ಬಿ ಸೆಕ್ಷನ್ ಸಾರ್."