ಏಳು ಕಿಲೋ ತಂಪು

ಹಳೆಯ ಎಂಜಿನ್ ಇಳಿಸಿ ಬೇರೆ ಎಂಜಿನ್ ಕೂರಿಸಲು ಹಿಡಿದದ್ದು ಎರಡು ದಿನ. ಅದರ ಮಗ್ಗುಲಿಗೆ ಎ.ಸಿ. ಕಂಪ್ರೆಸರ್ ಕೂರಿಸಲು ಹಿಡಿದದ್ದು ಹತ್ತೊಂಬತ್ತು ದಿನ. ಹತ್ತೊಂಬತ್ತೂ ನನ್ನ ತಲೆಯ ಮೇಲೇ ಬರಬೇಕು ಅನ್ನುವುದು ಹೆಂಡತಿಯ ತೀರ್ಪು. ಹದಿನೆಂಟಕ್ಕೆ ನನ್ನ ಒಪ್ಪಿಗೆಯಿದೆ. ಒಂದು ದಿನ ಅಮಾವಾಸ್ಯೆ ಬಿದ್ದು ಗ್ಯಾರೇಜಿಗೇ ರಜೆ ಇತ್ತು.

ಅಪ್ಪ ಬಿಟ್ಟುಹೋದದ್ದರಲ್ಲಿ ಅಣ್ಣನಿಗೆ ಹೊಲ ಬಂತು, ನನಗೆ ಟಾಟಾ 407 ಬಂತು. ಸಿಂಧನೂರಿನ ಸುತ್ತಲಿನ ಹಳ್ಳಿಗಳಿಂದ ಭತ್ತ ಹೊತ್ತು ಹೊತ್ತು ಅದರ ಎಂಜಿನ್ ಡೀಸೆಲ್ಲಿಗಿಂತ ಆಯಿಲನ್ನೇ ಹೆಚ್ಚು ಕುಡಿಯುವ ವಯಸ್ಸಿಗೆ ಬಂದಿತ್ತು. ಹೈದರಾಬಾದಿನ ಗುಜರಿಯಲ್ಲಿ ಟರ್ಬೊ ಇರುವ 497 ಎಂಜಿನ್ ಸಿಕ್ಕಿತು. ಚೈನ್ ಪುಲ್ಲಿಗೆ ನೇತುಹಾಕಿದರು, ಇಳಿಸಿದರು, ಬೋಲ್ಟು ಬಿಗಿದರು. ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರ್ ಬದಲಾಯಿಸಲು ಅರ್ಜಿಯೂ ಹೋಯಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ ಅನ್ನಿಸಿಕೊಳ್ಳುತ್ತಿದ್ದೆ.

ನಿಲ್ಲಿಸದಿರಲು ಏಪ್ರಿಲ್ ಕಾರಣ. ಗಾಡಿಯನ್ನು ಅಪ್ಪನ ಕಾಲದಿಂದ ಓಡಿಸಿಕೊಂಡು ಬಂದಿರುವ ಕಾಕಾಗೆ ಎಂಜಿನ್ ಬದಲಿಸುವುದಕ್ಕೂ ಮುಂಚೆ ಏಪ್ರಿಲಿನಲ್ಲಿ ಒಮ್ಮೆ ಜ್ವರ ಬಂದು, ಲೋಡನ್ನು ರಾಯಚೂರಿಗೆ ನಾನೇ ಮುಟ್ಟಿಸಬೇಕಾಯಿತು. 407ರ ಎಂಜಿನ್ನಿನ ಅರ್ಧ ಭಾಗ ಕ್ಯಾಬಿನ್ನಿನ ಒಳಗೇ, ಒಂದು ಮುಚ್ಚಳದ ಕೆಳಗೆ ಕೂತಿರುತ್ತದೆ. ಆ ಮುಚ್ಚಳಕ್ಕೆ ಒತ್ತಿಕೊಂಡು ಚಾಲಕನ ಎಡಗಾಲು. ಹೊರಗೆ ರಾಯಚೂರಿನ ಬಿಸಿಲು, ಒಳಗೆ ಒಲೆ. ಎರಡು ತಾಸಿನ ಹೊತ್ತಿಗೆ ನನ್ನ ಎಡಗಾಲು ಹಪ್ಪಳವಾಗಲು ಸಿದ್ಧವಾಗಿತ್ತು. ಅಲ್ಲೇ ಶಪಥ ಮಾಡಿದೆ: ಈ ಗಾಡಿಗೆ ಎ.ಸಿ. ಹಾಕಿಸದೆ ಬಿಡುವುದಿಲ್ಲ. “ಮನ್ಯಾಗಿನ ಫ್ಯಾನ್ ಮೂರು ತಿಂಗ್ಳಿಂದ ಕಿರಗುಡ್ತದ, ಅದರ ಮ್ಯಾಲೊಂದು ಶಪಥ ಮಾಡ್ರಿ” ಅಂದಳು ಹೆಂಡತಿ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಅನಾಹುತದ ಬೇರು ಅಲ್ಲಿದೆ. ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಉಸ್ತಾದರಿಗೆ ಪೂರ್ತಿ ಪಾಠ ಮಾಡಿದೆ. ಕಂಪ್ರೆಸರ್ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲಲು ಅನಿಲವನ್ನು ಒತ್ತುತ್ತದೆ. ಆರ್-134ಎ ಅನಿಲ ಮಾಮೂಲಿ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಉಸ್ತಾದರು ಬೀಡಿ ಆರಿಸಿ ಮರ್ಯಾದೆಯಿಂದ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ: “ಎಲ್ಲಾ ಖರೇ ಸರ. ಇದನ್ನ ಎಲ್ಲಿ ಕುಂದ್ರಸಬೇಕ್ರಿ?”

ಇದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಉತ್ತರವಿಲ್ಲ. ಗುಜರಿಯಿಂದಲೇ ತಂದ ಸ್ಯಾಂಡೆನ್ 508, ಐದು ಸಿಲಿಂಡರಿನದು, ಏಳು ಕಿಲೋ ಹತ್ತಿರ ತೂಕ. ಎಂಜಿನ್ನಿಗೇ ನಾಲ್ಕು ಸಿಲಿಂಡರ್. ಯಜಮಾನನಿಗಿಂತ ಅಳಿಯನಿಗೆ ಒಂದು ಹಲ್ಲು ಜಾಸ್ತಿ, ಮನೆಯಲ್ಲಿ ಅವನಿಗೊಂದು ಕೋಣೆಯಿಲ್ಲ. ಒಂದು ಕಡೆ ಇಟ್ಟರೆ ಸ್ಟೀರಿಂಗ್ ಅಡ್ಡ. ಇನ್ನೊಂದು ಕಡೆ ಟರ್ಬೊದ ಬೆಂಕಿ, ಹೋಸು ಸುಟ್ಟುಹೋಗುತ್ತದೆ. ಇನ್ನೂ ಕೆಳಗೆ ಇಳಿಸಿದರೆ ಮೊದಲ ಗುಂಡಿಗೇ ಆಕ್ಸೆಲ್ ಬಂದು ಗುದ್ದುತ್ತದೆ. ಪಕ್ಕಕ್ಕೆ ವಾಲಿಸಬಹುದು, ತಲೆಕೆಳಗು ಮಾಡುವಂತಿಲ್ಲ. ಒಳಗಿನ ಎಣ್ಣೆ ಸಲ್ಲದ ಕಡೆ ಸೇರುತ್ತದೆ.

ಕಡೆಗೆ ಒಂದು ಮೂಲೆ ಸಿಕ್ಕಿತು. ಅಳತೆಗೆ ರಟ್ಟು ಬೇಕು ಅಂದಾಗ ನನ್ನ ಚೀಲದಲ್ಲಿದ್ದದ್ದು ಸಹೋದ್ಯೋಗಿಯ ಮಗಳ ಲಗ್ನಪತ್ರಿಕೆ, ಒಳ್ಳೆ ದಪ್ಪನೆಯದು. ಅದನ್ನೇ ಕತ್ತರಿಸಿ, ತೂತು ಗುರುತಿಸಿ, ಅದೇ ಆಕಾರಕ್ಕೆ 10 ಮಿಲಿಮೀಟರಿನ ಕಬ್ಬಿಣದ ಪ್ಲೇಟು ಕೊಯ್ಯಿಸಿದೆವು. ಕೂರಿಸಿ, ಬೆಲ್ಟು ಹಾಕಿ, ಎಂಜಿನ್ ಚಾಲೂ ಮಾಡಿದರೆ ನಾಯಿಮರಿಯ ಬಾಲ ತುಳಿದಂತೆ ಕಿರುಚಾಟ. ಎಂಟು ನಿಮಿಷಕ್ಕೆ ಬೆಲ್ಟು ಹಾರಿ ಎದುರಿನ ಪಂಕ್ಚರ್ ಅಂಗಡಿಗೆ ಹೋಯಿತು. ಉಸ್ತಾದರು ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ದಾರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, “ಮೂರು ಎಮ್ಮೆಮ್ಮು ಹೊರಗದ” ಎಂದರು. ನಾನು ವರ್ನಿಯರ್ ಕ್ಯಾಲಿಪರ್ಸ್ ಹಚ್ಚಿ ಅಳೆದೆ. 3.1. ಆ ಸೊನ್ನೆ ಪಾಯಿಂಟ್ ಒಂದರ ಜಯವನ್ನು ಅವರಿಗೆ ಹೇಳಲು ಧೈರ್ಯ ಬರಲಿಲ್ಲ.

ಮರುದಿನದ ಯೋಜನೆ ಹೀಗಿತ್ತು. ನಾನು ಗಾಡಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕಂಪ್ರೆಸರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವುದು. ಉಸ್ತಾದರು ದಾರ ನೋಡಿ ಹೇಳಿದಂತೆ ಸರಿಸುವುದು. ಸರಿಬಂದ ಕ್ಷಣಕ್ಕೆ ಹುಡುಗ ವೆಲ್ಡಿಂಗಿನಲ್ಲಿ ಟಾಕಾ ಹಾಕುವುದು. “ಇಷ್ಟು ಮ್ಯಾಲ... ಕೂದಲೆಳಿಯಷ್ಟು ಎಡಕ್ಕ... ಹಾಂ! ಅಲ್ಲಾಡಬ್ಯಾಡ್ರಿ ಸರ!” ಹುಡುಗ ಕನ್ನಡಿ ಮುಖಕ್ಕೆ ಹಿಡಿದ. ಕರೆಂಟು ಹೋಯಿತು.

“ಈಗ ಬರ್ತದ, ಹಂಗ ಹಿಡೀರಿ” ಅಂದ ಉಸ್ತಾದರು ನಮಾಜಿಗೆ ಹೋದರು. ಹುಡುಗ ಚಹಾ ತರಲು ಹೋದ. ನಾನು ಹಿಡಿದೇ ಇದ್ದೆ. ಮೊದಲ ಐದು ನಿಮಿಷ ಕೃಷ್ಣ ಗೋವರ್ಧನ ಎತ್ತಿದ ಭಂಗಿಯ ಹೆಮ್ಮೆ. ಹತ್ತಕ್ಕೆ ಮೊಣಕೈ ನಡುಗತೊಡಗಿತು. ಹದಿನೈದಕ್ಕೆ ಮೂಗಿನ ತುದಿಯಲ್ಲಿ ತುರಿಕೆ. ಜಗತ್ತಿನಲ್ಲಿ ಮನುಷ್ಯನಿಗೆ ಕೈ ಎರಡೇ ಯಾಕೆ ಕೊಟ್ಟರು ಅನ್ನುವುದನ್ನು ಅಷ್ಟು ತೀವ್ರವಾಗಿ ನಾನು ಹಿಂದೆಂದೂ ಯೋಚಿಸಿರಲಿಲ್ಲ. ಜೇಬಿನ ಫೋನು ಎದೆಯ ಮೇಲೆ ಗುರುಗುಟ್ಟಿ ಸುಮ್ಮನಾಯಿತು, ಹೆಂಡತಿ, ಸಂಶಯವಿಲ್ಲ. ಗಾಡಿಯ ಹೊಟ್ಟೆಯಿಂದ ಒಂದು ಹನಿ ಆಯಿಲ್ ಹಿಗ್ಗಿ, ದಪ್ಪಗಾಗಿ, ಬೀಳಲೋ ಬೇಡವೋ ಎಂದು ಯೋಚಿಸಿ, ನನ್ನ ಹಣೆಯ ನಡುವೆ ಗಂಧದಂತೆ ಕೂತಿತು.

ಆಗ ಹೊರಗೆ ಒಂದು ಜೊತೆ ಶೂ ಬಂದು ನಿಂತವು.

“ನಮಸ್ಕಾರ ಸರ.”

ಮೈಯೆಲ್ಲ ಗಾಡಿಯ ಕೆಳಗಿತ್ತು, ಹೊರಗಿದ್ದದ್ದು ಮೊಣಕಾಲಿನಿಂದ ಕೆಳಗೆ ಮಾತ್ರ. ಹೇಗೆ ಗುರುತಿಸಿದೆಯೋ ಅಂದೆ. “ಚಪ್ಪಲ್ ನೋಡಿ ಸರ. ಕ್ಲಾಸಿನ್ಯಾಗ ದಿನಾ ನೋಡ್ತೀವಲ್ರಿ.” ದ್ವಿತೀಯ ಪಿಯು, ಕೊನೆಯ ಬೆಂಚು. ನಾನು ಬೋರ್ಡಿನ ಮೇಲೆ ಬರೆಯುವಾಗ ಇವನು ಏನು ನೋಡುತ್ತಿದ್ದ ಅನ್ನುವುದು ಆವತ್ತು ತಿಳಿಯಿತು. ಸೌಜನ್ಯದ ಹುಡುಗ, ಹೊರಡಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ತಾರೀಕು ಕೇಳಿದ. ಇಂಟರ್ನಲ್ ಅಂಕ ಕೇಳಿದ. ಆಮೇಲೆ, ನನ್ನ ಚಪ್ಪಲಿಯನ್ನೇ ಉದ್ದೇಶಿಸಿ, ಉಷ್ಣಗತಿವಿಜ್ಞಾನದ ಎರಡನೇ ನಿಯಮ ತನಗೆ ತಿಳಿದಿಲ್ಲ ಎಂದ. ನಾನು ಏಳು ಕಿಲೋ ಎತ್ತಿ ಹಿಡಿದುಕೊಂಡೇ ಹೇಳಿದೆ: ಶಾಖ ತಾನಾಗಿ ತಂಪಿನಿಂದ ಬಿಸಿಯ ಕಡೆಗೆ ಹರಿಯುವುದಿಲ್ಲಪ್ಪ, ಹರಿಸಬೇಕಾದರೆ ಯಾರಾದರೂ ದುಡಿಯಬೇಕು. ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ಮನದಟ್ಟಾಗಿ ಆ ನಿಯಮವನ್ನು ಹೇಳಿದ್ದಿಲ್ಲ.

ನಲವತ್ತು ನಿಮಿಷಕ್ಕೆ ಚಹಾದ ಹುಡುಗ ವಾಪಸು ಬಂದ. ಬಗ್ಗಿ ನೋಡಿ ಗಾಬರಿಯಾದ. “ಇನ್ನಾ ಹಿಡಕೊಂಡೇ ಇದ್ದೀರೇನ್ರಿ ಸರ? ಜಾಕ್ ಇತ್ತಲ್ರಿ!” ಅದು ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲೇ ಇತ್ತು.

ಈ ಕಥೆ ಊರಿಗೆ ಹಬ್ಬಿ, ಚಹಾದಂಗಡಿಯಲ್ಲಿ ನಾಲ್ಕಾರು ಲಾರಿ ಮಾಲೀಕರು ನಕ್ಕರು. ಅದು ಸರಿ, ನಾನೂ ನಕ್ಕೆ. ಆದರೆ ಒಬ್ಬರು, “ಡ್ರೈವರ್‌ಗೆ ಎ.ಸಿ. ಕೊಟ್ರ ನಿದ್ದಿ ಹೊಡೀತಾನ” ಅಂದರು. ಅಂದವರು ಬಂದದ್ದು ಗಾಜು ಏರಿಸಿದ ಕಾರಿನಲ್ಲಿ, ಎಚ್ಚರವಾಗಿಯೇ ಇದ್ದರು. ಕ್ಯಾರಿಯರ್ ಎಂಬಾತ 1902ರಲ್ಲಿ ಬ್ರೂಕ್ಲಿನ್ನಿನಲ್ಲಿ ಈ ಯಂತ್ರ ಹೂಡಿದ್ದು ಮನುಷ್ಯರಿಗಾಗಿ ಅಲ್ಲ, ಒಂದು ಮುದ್ರಣಾಲಯದ ಕಾಗದ ತೇವಕ್ಕೆ ಹಿಗ್ಗದಿರಲಿ ಎಂದು. ನಮ್ಮಲ್ಲಿ 3.5 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ಸರಕು ವಾಹನಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದ, ಅದೂ ಆಮೇಲೆ ತಯಾರಾದವಕ್ಕೆ ಮಾತ್ರ. ಕಾಗದದ ಸರದಿ ಮುಗಿದು ಚಾಲಕನ ಸರದಿ ಬರಲು ನೂರಿಪ್ಪತ್ತಮೂರು ವರ್ಷ ಹಿಡಿಯಿತು. ಕಾಕಾನ ಎಡಗಾಲ ಮೀನಖಂಡದ ಚರ್ಮ ಹೆಂಚಿನಂತೆ ಕಪ್ಪಾಗಿ ಒಣಗಿದೆ. ಅಪ್ಪ ಅದನ್ನು ಗಮನಿಸಿರಲಿಲ್ಲ. ನಾನೂ, ನನ್ನ ಕಾಲು ಸುಡುವವರೆಗೆ.

ಉಳಿದದ್ದು ಬೇಗ ಮುಗಿಯಿತು. ಟಾಕಾ ಬಿತ್ತು, ದಾರ ನೆಟ್ಟಗಾಯಿತು, ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂತಿತು. ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು ಗ್ಯಾಸ್ ತುಂಬಿದರು. ಸ್ವಿಚ್ಚು ಒತ್ತಿದಾಗ ಕ್ಲಚ್ಚು ‘ಟಕ್’ ಅಂತ ಕಚ್ಚಿಕೊಂಡಿತು. ನನಗೆ ಮಗು ಮೊದಲ ಸಲ ‘ಅಪ್ಪ’ ಅಂದಷ್ಟೇ ಖುಷಿಯಾಯಿತು. ಮನೆಯಲ್ಲಿ ಹಾಗೆ ಹೇಳಿ ಅನುಭವಿಸಿದೆ.

ವಾರ ಬಿಟ್ಟು ರಾಯಚೂರಿನ ಲೋಡಿಗೆ ನಾನೂ ಕಾಕಾನ ಜೊತೆ ಹತ್ತಿದೆ. ಎ.ಸಿ. ಓಡುತ್ತಿದೆ, ಕಾಕಾನ ಬದಿಯ ಗಾಜು ನಾಲ್ಕು ಬೆರಳು ಕೆಳಗಿದೆ. ತಂಪೆಲ್ಲ ಹೊರಗೆ ಹೋಗ್ತದಲ್ಲ ಕಾಕಾ, ಶಾಖ ಯಾವ ಕಡೆ ಹರೀತದಂದ್ರ ಎಂದು ಶುರು ಮಾಡಿದೆ. “ಟೈರಿನ ಸಪ್ಪಳ ಕೇಳಬೇಕಲ್ಲೋ ತಮ್ಮ” ಅಂದ.

ಆಮೇಲೆ ಗಮನಿಸಿದೆ. ನನ್ನ ಮುಖಕ್ಕೆ ಗಾಳಿಯೇ ಬರುತ್ತಿಲ್ಲ. ಗಾಳಿ ಬರುವ ಜಾಲರಿಗೆ ಕಾಕಾ ಒಂದು ರಟ್ಟನ್ನು ಓರೆಯಾಗಿ ಸಿಕ್ಕಿಸಿ, ಸೂತಳಿ ಕಟ್ಟಿ, ತಂಪನ್ನೆಲ್ಲ ಕೆಳಗೆ ತನ್ನ ಎಡಗಾಲ ಮೇಲೆ ಬೀಳುವಂತೆ ತಿರುಗಿಸಿದ್ದ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ರಟ್ಟಿನ ತೂತುಗಳ ನಡುವೆ, ಬಂಗಾರದ ಅಕ್ಷರದಲ್ಲಿ, ‘ತಮ್ಮ ಸುಖಾಗಮನವನ್ನು ಬಯಸುವ’ ಎಂದಿತ್ತು. ಯಾರು ಬಯಸುವವರು ಅನ್ನುವ ಭಾಗವನ್ನು ಅಳತೆಯ ದಿನ ನಾನೇ ಕತ್ತರಿಸಿದ್ದೆ.