ಕೀಪ್ಯಾಡ್ ಮೀಮಾಂಸೆ: ಬೀಜಾಡಿ ಪಾಠ

ವಿಷಯ

ಕೋಟೇಶ್ವರಕ್ಕೂ ಕುಂಭಾಶಿಗೂ ನಡುವೆ, ಹೆದ್ದಾರಿ 66ಕ್ಕೂ ಅರಬ್ಬೀ ಕಡಲಿಗೂ ಮಧ್ಯೆ ಇರುವ ಬೀಜಾಡಿಯಲ್ಲಿ ಜಿಜ್ಞಾಸೆಯೊಂದು ಬಗೆಹರಿಯದೆ ಉಳಿದಿದೆ: ಅಪರೂಪಕ್ಕೆ ಮಾತಾಡುವವರಿಗೆ ಕಡಿಮೆ ಕ್ರಯದ ಕೀಪ್ಯಾಡ್ ಸೆಟ್ಟು ಸಾಕೋ, ಸಾಲದೋ? ಪೂರ್ವಸೂರಿಗಳು ಈ ಕುರಿತು ಭಾಷ್ಯ ಬರೆಯದೆ ಹೋದದ್ದರಿಂದ ಈ ಪ್ರಬಂಧ.

ಅಧಿಕಾರಿ

ಸೆಟ್ಟಿಗೆ ಅಧಿಕಾರಿಗಳು ಇಬ್ಬರು. ಕೊಳ್ಳುವವನು ಬೆಂಗಳೂರಲ್ಲೋ ಮುಂಬಯಿಯಲ್ಲೋ ಹೋಟೆಲಿನ ಗಲ್ಲೆಯಲ್ಲಿ ಕೂತ ಮಗ. ಬಳಸುವವಳು ಊರಲ್ಲಿರುವ ಅಬ್ಬಿ, ಅಂದರೆ ಅವನ ಅಮ್ಮ. ಅವನು ಕ್ಯಾಮೆರಾ, ಎಫ್‌ಎಂ ನೋಡುತ್ತಾನೆ. ಅವಳಿಗೆ ಬೇಕಾದದ್ದು ಹಸಿರು ಗುಂಡಿ, ಕೆಂಪು ಗುಂಡಿ. ಕೆಂಪು ಗುಂಡಿಯ ಬಗ್ಗೆ ಭಿನ್ನಮತವಿದೆ. ಮಾತು ಮುಗಿದ ಮೇಲೆ ಒತ್ತಬೇಕೆಂದು ಕೈಪಿಡಿ. ಒತ್ತದೆ ಕಪಾಟಿನ ಮೇಲಿಟ್ಟು ದೋಸೆ ಹೊಯ್ಯಲು ಹೋಗಬಹುದೆಂದು ಲೋಕಾಚಾರ. ಎರಡನೆಯ ಮತದಿಂದಾಗಿ ಮುಂಬಯಿಯ ಮಗನಿಗೆ ಕಾವಲಿಯ ಚುಂಯ್ ಸದ್ದು ಪುಕ್ಕಟೆ.

ಲಕ್ಷಣ

ಆದಿಮೂರ್ತಿ ನೋಕಿಯಾ 1100. 2003ರಲ್ಲಿ ಅವತರಿಸಿ ಜಗತ್ತಿನಲ್ಲಿ ಸುಮಾರು 25 ಕೋಟಿ ಬಿಕರಿಯಾಯಿತು. ಕ್ಯಾಮೆರಾ ಇಲ್ಲ, ಬಣ್ಣ ಇಲ್ಲ. ನೆತ್ತಿಯಲ್ಲಿ ಟಾರ್ಚು, ಧೂಳು ಹೊಗದ ಗುಂಡಿಗಳು. ಅದೇ ವರ್ಷ ಮೇ 1ರಿಂದ ನಮ್ಮ ದೇಶದಲ್ಲಿ ಒಳಬರುವ ಕರೆಗೆ ದುಡ್ಡಿಲ್ಲವೆಂದಾಯಿತು. ಮಾತಿಲ್ಲದೆ ಮಾತು ಮುಟ್ಟಿಸುವ ಮಿಸ್ಡ್ ಕಾಲ್ ದರ್ಶನ ಬೆಳೆದದ್ದು ಈ ತಳಪಾಯದ ಮೇಲೆ. ಒಂದು ರಿಂಗಾದರೆ ಬಸ್ ಇಳಿದೆ. ಎರಡಾದರೆ ಮೀನು ಸಿಕ್ಕಿತು. ಮೂರಾದರೆ ಮಾತಾಡಲಿಕ್ಕಿದೆ, ಕರೆನ್ಸಿ ನಿನ್ನದು.

ಟಾರ್ಚ್‌ವಾದಿಗಳ ಪ್ರಮಾಣ: ಯಕ್ಷಗಾನದ ಆಟ ನೋಡಿ ನಡುರಾತ್ರಿ ಗದ್ದೆಯಂಚಿನಲ್ಲಿ ಬರುವಾಗ ಹಾವು ಕಾಣುವುದು ಇದರಿಂದಲೇ. ಬ್ಯಾಟರಿವಾದಿಗಳ ಪ್ರಮಾಣ: ಗಾಳಿಮಳೆಗೆ ಕರೆಂಟು ಹೋದರೂ ಸೆಟ್ಟಿಗೆ ಜೀವ ಹೋಗದು. ಗುಂಡಿವಾದಿಗಳದ್ದು ಇನ್ನೂ ಸೂಕ್ಷ್ಮ. ಟಚ್ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸುತ್ತದೆ. ನೀರಿಗೂ ಆ ಗುಣ ಇರುವುದರಿಂದ ಬೆರಳಾವುದು, ಹನಿಯಾವುದು ಎಂಬ ಭ್ರಾಂತಿ ಅದಕ್ಕೆ ಸಹಜ. ಬಲೆ ಎಳೆದು ಬಂದ ಉಪ್ಪುನೀರಿನ ಕೈಗೆ, ಬಂಗುಡೆ ಕೊಯ್ಯುವ ಕೈಗೆ ಗುಂಡಿ ಭೇದವೆಣಿಸದು.

ಪೂರ್ವಪಕ್ಷ

ಪ್ರತಿವಾದಿ ಹೇಳುತ್ತಾನೆ: ಹಳೆಯ 2ಜಿ ಸೆಟ್ಟಿನಲ್ಲಿ ಜಿಯೋ ಸಿಮ್ ನಡೆಯದು. ಕನ್ನಡ ಫಾಂಟಿಲ್ಲದಿದ್ದರೆ ಸಂದೇಶವೆಲ್ಲ ಬರೀ ಚೌಕ. ಪೇಟೆಯಲ್ಲಿ ಹಣ ಕೊಡುವುದು ಹೇಗೆ? ಮೊಮ್ಮಗುವಿನ ಮುಖ ಕಾಣುವುದು ಹೇಗೆ?

ಸಮಾಧಾನ: 1,500 ರೂಪಾಯಿ ಠೇವಣಿಯ ಜಿಯೋಫೋನ್ 2017ರಲ್ಲೇ ಬಂದು, 4ಜಿ ಹಿಡಿಯುವ ಕೀಪ್ಯಾಡ್ ಸಾಧ್ಯವೆಂದು ಸಾಧಿಸಿದೆ. ಕನ್ನಡ ಫಾಂಟಿನ ವಿಚಾರ ಫಲಶ್ರುತಿಗೆ ಬಿಟ್ಟದ್ದು. ಇಂಟರ್‌ನೆಟ್ ಇಲ್ಲದೆ ಹಣ ಕಳಿಸಲು 2022ರಿಂದ ಯುಪಿಐ 123ಪೇ ಇದೆ. ಅದನ್ನು ವಿವರಿಸಿ ಮುಗಿಸುವುದರೊಳಗೆ ಅಬ್ಬಿ ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟಾಗಿರುತ್ತದೆ. ಮೊಮ್ಮಗುವಿನ ಮುಖದ ವಾದಕ್ಕೆ ಮಾತ್ರ ಶಾಸ್ತ್ರದಲ್ಲಿ ಖಂಡನೆ ಇಲ್ಲ. ಅಲ್ಲಿ ಪಕ್ಕದ ಮನೆ ಹುಡುಗನ ಮೊಬೈಲೇ ಗತಿ.

ಸಿದ್ಧಾಂತ

ತಿಂಗಳಲ್ಲಿ ಅಬ್ಬಿಯ ಸೆಟ್ಟಿಗೆ ಬರುವುದಿಷ್ಟು: ಗ್ಯಾಸ್ ಸಿಲಿಂಡರಿನ ಓಟಿಪಿ, ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಸಂದೇಶ, ಮಗನ ಕರೆ. ಕರೆಯ ಪೂರ್ಣಪಾಠ ಹೀಗಿದೆ:

“ಅಬ್ಬಿ, ಉಂಡ್ಯಾ?”

“ಉಂಡೆ ಮಗಾ. ಸುಮ್ನೆ ಕರೆನ್ಸಿ ಹೋತ್ತ್, ಇಡ್ತೆ.”

ಅನ್‌ಲಿಮಿಟೆಡ್ ಪ್ಯಾಕ್ ಬಂದ ಮೇಲೂ ಇದರಲ್ಲಿ ಪಾಠಾಂತರವಿಲ್ಲ. ಒಂದು ಅಕ್ಷರವೂ ವ್ಯರ್ಥವಲ್ಲ. ಅತ್ತ ಮಗನ ದುಬಾರಿ ಸೆಟ್ಟಿನಲ್ಲಿ ಗಿರಾಕಿ ಇಲ್ಲದ ಹೊತ್ತೆಲ್ಲ ರೀಲ್ಸು. ಆದ್ದರಿಂದ ಮೊಬೈಲನ್ನು ಕೆಲಸಕ್ಕೆ ಬಳಸುವವರಿಗೆ ಅಗ್ಗದ ಸೆಟ್ಟು, ಹೊತ್ತು ಕಳೆಯುವವರಿಗೆ ದುಬಾರಿ ಸೆಟ್ಟು ಎಂದು ನಿರ್ಣಯ.

ಫಲಶ್ರುತಿ

ಇದನ್ನೋದಿ ಕುಂದಾಪುರದ ಅಂಗಡಿಗೆ ಹೋದವರು ಕೇಳಬೇಕಾದ್ದು ಮೂರು: 4ಜಿ ಸಿಮ್ ಹಿಡಿಯುತ್ತದೆಯೇ, ಕನ್ನಡ ಅಕ್ಷರ ಮೂಡುತ್ತದೆಯೇ, ಟಾರ್ಚಿಗೆ ಬೇರೆ ಗುಂಡಿ ಇದೆಯೇ. ನಾಲ್ಕನೆಯದಾಗಿ ಯಾವ ಯಾವ ಬಣ್ಣದಲ್ಲಿದೆ ಎಂದು ಕೇಳಿದವರು ಈ ಶಾಸ್ತ್ರಕ್ಕೆ ಅನಧಿಕಾರಿಗಳು.